ನುರಿತ ಟರ್ನರ್‌ಗಳು ಏಕೆ ಸಿಗುತ್ತಿಲ್ಲ?

ಪ್ರಶ್ನೆ (ಕೂರ್ಗಳ್ಳಿ, ಮೈಸೂರು):
ಮಾನ್ಯರೇ, ನಮ್ಮದು ನಲವತ್ತು ಜನ ದುಡಿಯುವ ಬಿಡಿಭಾಗಗಳ ಕಾರ್ಖಾನೆ. ಆರು ತಿಂಗಳಿಂದ ಇಬ್ಬರು ಟರ್ನರ್‌ಗಳಿಗಾಗಿ, ಅಂದರೆ ಲೇತ್ ಯಂತ್ರದಲ್ಲಿ ಲೋಹವನ್ನು ಕಡೆಯುವವರಿಗಾಗಿ, ಹುಡುಕುತ್ತಿದ್ದೇನೆ. ಪ್ರಮಾಣಪತ್ರ ಹಿಡಿದು ಬಂದವರಲ್ಲಿ ಹಲವರು ಸೂಕ್ಷ್ಮ ಅಳತೆ ತೆಗೆಯುವ ವರ್ನಿಯರ್ ಕ್ಯಾಲಿಪರ್ ಓದುವುದಕ್ಕೂ ತಡವರಿಸುತ್ತಾರೆ. ದೇಶದಲ್ಲೆಲ್ಲ ಇದೇ ಗೋಳು ಎನ್ನುತ್ತಾರೆ. ನಮ್ಮಂಥವರು ಏನು ಮಾಡಬಹುದು?

ಉತ್ತರ (ಮಂಡ್ಯ, ನಿವೃತ್ತ ಐಟಿಐ ಬೋಧಕ):
ಸ್ವಾಮಿ, ಪಳಗಿದವರನ್ನೇ ಹುಡುಕುವ ಬದಲು ಅಪ್ರೆಂಟಿಸ್‌ಗಳನ್ನು (ಕೆಲಸ ಮಾಡುತ್ತಲೇ ಕಸುಬು ಕಲಿಯುವವರನ್ನು) ತೆಗೆದುಕೊಂಡು ನೀವೇ ಪಳಗಿಸಿ. 1961ರ ಅಪ್ರೆಂಟಿಸ್ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ಒಟ್ಟು ಸಂಖ್ಯೆಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ಇಟ್ಟುಕೊಳ್ಳುವುದು ಕಡ್ಡಾಯ. ಅಂದರೆ ಇದು ನಿಮಗೂ ಅನ್ವಯಿಸುತ್ತದೆ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಡಿ ಅವರ ಭತ್ಯೆಯ ಒಂದು ಪಾಲನ್ನು ಕೇಂದ್ರ ಸರ್ಕಾರವೇ ಭರಿಸುತ್ತದೆ. ಪ್ರಮಾಣಪತ್ರದ ವಿಷಯಕ್ಕೆ ಬಂದರೆ, ನಾನು ಪಾಠ ಹೇಳುತ್ತಿದ್ದ ಕಡೆ ಇಪ್ಪತ್ತು ಹುಡುಗರಿಗೆ ಸುಸ್ಥಿತಿಯಲ್ಲಿದ್ದ ಲೇತ್‌ಗಳು ಎರಡೇ. ಒಬ್ಬ ಲೇತ್‌ನ ಹಿಡಿಕೆಯಾದ ಚಕ್‌ಗೆ ಕಡೆಯಬೇಕಾದ ತುಂಡನ್ನು ಕಟ್ಟಿದರೆ ಉಳಿದವರು ಕೈಕಟ್ಟಿಕೊಂಡು ನೋಡುತ್ತಿದ್ದರು. ಕೈ ಪಳಗುವುದಾದರೂ ಹೇಗೆ?

ಉತ್ತರ (ಹೆಬ್ಬಾಳು, ಟರ್ನರ್):
ಸರ್, ಸಂಬಳ ಎಷ್ಟೆಂದು ನೀವು ಬರೆದೇ ಇಲ್ಲ. ಇಪ್ಪತ್ತೆರಡು ವರ್ಷ ಲೇತ್ ಮುಂದೆ ನಿಂತ ನನಗಿಂತ, ಬೆಂಗಳೂರಿನಲ್ಲಿ ಬೈಕಿನಲ್ಲಿ ಊಟ ತಲುಪಿಸುವ ನನ್ನ ಮಗ ಹೆಚ್ಚು ದುಡಿಯುತ್ತಾನೆ. ಕಸುಬು ಕಲಿ ಎಂದು ಯಾವ ಬಾಯಿಂದ ಹೇಳಲಿ?

ಪ್ರಶ್ನೆ ಕೇಳಿದವರು:
ಮಾತು ಚುಚ್ಚಿತಾದರೂ ಒಪ್ಪಬೇಕಾದದ್ದೇ. ಈ ವಾರ ಇಬ್ಬರು ಅಪ್ರೆಂಟಿಸ್‌ಗಳಿಗೆ ಅರ್ಜಿ ಕರೆಯುತ್ತೇನೆ. ತರಬೇತಿ ಮುಗಿಸಿ ಉಳಿದುಕೊಳ್ಳುವವರ ಸಂಬಳವನ್ನು ಮೊದಲೇ ಬರೆದುಕೊಡುತ್ತೇನೆ.