ಬ್ರಿಟನ್ನಿನ ಕನ್ಸರ್ವೇಟಿವ್ ಮತದಾರರಿಗೆ ಈಗ ನಿಜಕ್ಕೂ ಬೇಕಾಗಿರೋದು ಏನು?

ಲೆಸ್ಟರ್ ನಿವಾಸಿ:
ಪಕ್ಕದ ಮನೆಯ ಹಿರಿಯರು ಜೀವನಪೂರ್ತಿ ಕನ್ಸರ್ವೇಟಿವ್ ಪಕ್ಷಕ್ಕೇ ವೋಟು ಹಾಕಿದವರು. ಈಗ ಕೇಳಿದರೆ "ಸಾಕಾಯ್ತು, ಇನ್ನು ರಿಫಾರ್ಮ್‌ಗೆ" ಅನ್ನುತ್ತಾರೆ. ರಿಫಾರ್ಮ್ ಅಂದರೆ ವಲಸೆಯನ್ನು ಜೋರಾಗಿ ವಿರೋಧಿಸುವ ಇನ್ನೊಂದು ಬಲಪಂಥೀಯ ಪಕ್ಷ. ವಲಸೆಯ ಸುದ್ದಿ ಬಂದರೆ ಮುಖ ಕೆಂಪಾಗುತ್ತೆ. ಆದರೆ ನಮ್ಮ ಮನೆಯಲ್ಲಿ ದೀಪಾವಳಿಗೆ ಕರೆದರೆ ಮೊದಲು ಬಂದು ಕೂರುವವರೂ ಅವರೇ. ಇನ್ನೊಂದು ಕಡೆ ನೋಡಿ, 2024ರ ಜುಲೈ ಚುನಾವಣೆಯಲ್ಲಿ ಇಡೀ ದೇಶದಲ್ಲಿ ನೆಲಕಚ್ಚಿ 121 ಸೀಟಿಗೆ ಇಳಿದ ಪಕ್ಷ ಹೊಸದಾಗಿ ಗೆದ್ದದ್ದು ಒಂದೇ ಒಂದು ಕ್ಷೇತ್ರ. ಅದು ನಮ್ಮ ಲೆಸ್ಟರ್ ಈಸ್ಟ್. ಭಾರತೀಯ ಮೂಲದವರೇ ಜಾಸ್ತಿ ಇರುವ ಕಡೆ! ಹಾಗಾದರೆ ಇವರ ರಾಜಕೀಯ ಬರೀ ಹೊರಗಿನವರ ಮೇಲಿನ ಸಿಟ್ಟಾ, ಬೇರೆ ಏನಾದರೂ ಇದೆಯಾ? ಇಲ್ಲೇ ಇದ್ದು ಹತ್ತಿರದಿಂದ ನೋಡಿದವರು ಹೇಳಿ.

ಹ್ಯಾರೋ ಹಳಬ:
ಸಿಟ್ಟು ಇದೆ. ಆದರೆ ಅದು ನಿಮ್ಮ ಮೇಲಲ್ಲ, ಮಾತು ಕೊಟ್ಟು ತಪ್ಪಿದವರ ಮೇಲೆ. ನಾನು ಕನ್ಸರ್ವೇಟಿವ್ ಮತದಾರ, ಅದನ್ನು ಮೊದಲೇ ಹೇಳಿಬಿಡ್ತೀನಿ.

2010ರಲ್ಲಿ ಪಕ್ಷದ ನಾಯಕ ಕ್ಯಾಮರಾನ್ ನಿವ್ವಳ ವಲಸೆಯನ್ನು, ಅಂದರೆ ಬಂದವರಲ್ಲಿ ಹೋದವರನ್ನು ಕಳೆದ ಸಂಖ್ಯೆಯನ್ನು, ವರ್ಷಕ್ಕೆ ಒಂದು ಲಕ್ಷದ ಒಳಗೆ ತರ್ತೀವಿ ಅಂದರು. 2016ರಲ್ಲಿ ಸುಮಾರು ಶೇ 52 ಜನ ಬ್ರೆಕ್ಸಿಟ್‌ಗೆ ವೋಟು ಹಾಕಿದರು, ಅದರಲ್ಲಿ ಬಹಳ ಮಂದಿಗೆ ಬೇಕಿದ್ದದ್ದು ಗಡಿಯ ಮೇಲಿನ ಹಿಡಿತ. 2019ರಲ್ಲಿ ಜಾನ್ಸನ್ ಕೂಡ ಸಂಖ್ಯೆ ಇಳಿಸ್ತೀವಿ ಅಂತಲೇ ಗೆದ್ದರು. ಆಮೇಲೆ ಆದದ್ದೇನು? 2023ರ ಹೊತ್ತಿಗೆ ಒಂದೇ ವರ್ಷದ ನಿವ್ವಳ ವಲಸೆ 9 ಲಕ್ಷ ದಾಟಿತು. ಉಕ್ರೇನ್, ಹಾಂಗ್‌ಕಾಂಗ್‌ನಿಂದ ಬಂದವರ ಬಗ್ಗೆ ಹೆಚ್ಚಿನವರಿಗೆ ತಕರಾರು ಇರಲಿಲ್ಲ. ಆದರೆ 2022ರಲ್ಲಿ ಕೇರ್ ವರ್ಕರ್‌ಗಳಿಗೆ ವೀಸಾದ ಬಾಗಿಲು ತೆರೆದು ಕುಟುಂಬ ಸಮೇತ ಬನ್ನಿ ಅಂದದ್ದೂ ಇದೇ ಸರ್ಕಾರ, 2024ರ ಮಾರ್ಚ್‌ನಲ್ಲಿ ಇನ್ನು ಕುಟುಂಬ ತರೋ ಹಾಗಿಲ್ಲ ಅಂದದ್ದೂ ಇದೇ ಸರ್ಕಾರ. ಅಕ್ರಮವಾಗಿ ಬಂದು ಆಶ್ರಯ ಕೇಳುವವರನ್ನು ಆಫ್ರಿಕಾದ ರುವಾಂಡಾಗೆ ಕಳಿಸುವ ಯೋಜನೆ ಅಂತ ಎರಡು ವರ್ಷ ಕೂಗಾಡಿದರು, ಚುನಾವಣೆ ಬರುವವರೆಗೂ ಬಲವಂತವಾಗಿ ಒಬ್ಬರನ್ನೂ ವಿಮಾನ ಹತ್ತಿಸಲು ಆಗಲಿಲ್ಲ. 14 ವರ್ಷದಲ್ಲಿ ಐದು ಪ್ರಧಾನಿಗಳು. ನಿಮ್ಮ ಪಕ್ಕದ ಮನೆಯವರು ಇನ್ನೆಷ್ಟು ಸಲ ನಂಬಬೇಕು ಹೇಳಿ?

ಇನ್ನು ನಮ್ಮವರ ವಿಷಯ. ಆ ಚುನಾವಣೆಯಲ್ಲಿ ಕನ್ಸರ್ವೇಟಿವ್‌ಗೆ ಶೇ 50ಕ್ಕಿಂತ ಹೆಚ್ಚು ವೋಟು ಬಿದ್ದದ್ದು ನಮ್ಮ ಹ್ಯಾರೋ ಈಸ್ಟ್‌ನಲ್ಲಿ ಮಾತ್ರ. ಇಲ್ಲಿ ಬೀದಿಗೊಂದು ಸ್ವಂತ ಅಂಗಡಿ, ಅಕೌಂಟೆನ್ಸಿ ಆಫೀಸು, ಫಾರ್ಮಸಿ. ಸ್ವಂತ ಮನೆ ಬೇಕು, ಮಕ್ಕಳು ಓದಬೇಕು, ಅಪ್ಪ ಅಮ್ಮ ಜೊತೆಗಿರಬೇಕು, ದೇವಸ್ಥಾನ ನಡೀಬೇಕು, ತೆರಿಗೆ ಕಮ್ಮಿ ಇರಬೇಕು. ಫೀಸು ಕಟ್ಟಿ, ವರ್ಷಗಟ್ಟಲೆ ಕಾದು ಕಾನೂನಿನ ಪ್ರಕಾರ ಬಂದವರಿಗೆ ಚಾನೆಲ್‌ನಲ್ಲಿ (ಫ್ರಾನ್ಸ್ ಕಡೆಯ ಸಮುದ್ರದಲ್ಲಿ) ಬೇರೆಯವರು ರಬ್ಬರ್ ದೋಣಿ ಹತ್ತಿ ಬರೋದನ್ನು ನೋಡಿದಾಗ ಹೊಟ್ಟೆ ಉರಿಯುತ್ತೆ. ಇದು ಜನಾಂಗ ದ್ವೇಷ ಅಲ್ಲ.

ಶ್ರಾಪ್‌ಷೈರ್ ಸುಮಾ:
ಎಲ್ಲರೂ ವಲಸೆಯಲ್ಲೇ ನಿಂತುಬಿಡ್ತೀರಿ. ಸ್ವಲ್ಪ ಹಳ್ಳಿ ಕಡೆ ಬನ್ನಿ.

ನಾವಿರೋದು ಹಾಲು ಕರೆಯುವ ರೈತರ ಮಧ್ಯೆ. ಬೆಳಗಿನ ಜಾವವೇ ಶೆಡ್ಡಿನ ದೀಪ ಹತ್ತುತ್ತೆ, ಕ್ರಿಸ್ಮಸ್ ದಿನವೂ ಬಿಡುವಿಲ್ಲ. 2024ರ ಅಕ್ಟೋಬರ್ ಬಜೆಟ್‌ನಲ್ಲಿ ಲೇಬರ್ ಸರ್ಕಾರದ ಹಣಕಾಸು ಸಚಿವೆ ರೇಚೆಲ್ ರೀವ್ಸ್ ಕೃಷಿ ಆಸ್ತಿಯಲ್ಲಿ 10 ಲಕ್ಷ ಪೌಂಡ್ ಮೀರಿದ ಭಾಗಕ್ಕೆ ಶೇ 20 ಉತ್ತರಾಧಿಕಾರ ತೆರಿಗೆ ಅಂದಾಗ ಇಲ್ಲಿ ಜನ ನಿಜಕ್ಕೂ ಕಂಗಾಲಾದರು. ಎಕರೆಗೆ 10,000 ಪೌಂಡ್ ಅಂತ ಹಿಡಿದರೂ 300 ಎಕರೆ ಅಂದರೆ 30 ಲಕ್ಷ ಆಯ್ತು. ಬೇರೆ ರಿಯಾಯಿತಿ ಲೆಕ್ಕ ಹಿಡಿಯದಿದ್ದರೆ ತೆರಿಗೆ 4 ಲಕ್ಷ. ಹತ್ತು ವರ್ಷದ ಕಂತು ಕೊಟ್ಟರೂ ವರ್ಷಕ್ಕೆ 40,000. ಕೈಗೆ ಅಷ್ಟು ದುಡ್ಡು ಬರೋದೇ ಇಲ್ಲ ಅನ್ನೋ ಮನೆಗಳು ಇಲ್ಲಿ ಬೇಕಾದಷ್ಟಿವೆ, ಅವರಿಗೆ ಹೊಲ ಮಾರದೆ ದಾರಿ ಏನು? ವೆಸ್ಟ್‌ಮಿನ್‌ಸ್ಟರ್‌ಗೆ ಟ್ರ್ಯಾಕ್ಟರ್ ತಗೊಂಡು ಹೋದದ್ದು ಸುಮ್ನೆ ಅಲ್ಲ. ಕೊನೆಗೆ 2025ರ ಡಿಸೆಂಬರ್‌ನಲ್ಲಿ ಮಿತಿಯನ್ನು 25 ಲಕ್ಷಕ್ಕೆ ಏರಿಸಿದರು, ಅದೂ ಒಂದು ವರ್ಷಕ್ಕೂ ಹೆಚ್ಚು ಕಾಲ ವಯಸ್ಸಾದ ರೈತರ ನಿದ್ದೆ ಕೆಡಿಸಿದ ಮೇಲೆ.

ಅಜ್ಜ ಉತ್ತ ನೆಲವನ್ನು ಮೊಮ್ಮಗ ಉಳಬೇಕು ಅನ್ನೋದೇ ಇಲ್ಲಿನ ಕನ್ಸರ್ವೇಟಿವ್ ಜನರ ಆಸೆ. ಊರಿನ ಪಬ್ಬು, ಚರ್ಚು, ಪೋಸ್ಟ್ ಆಫೀಸು ಎಲ್ಲಾ ಅದಕ್ಕೇ ಅಂಟಿಕೊಂಡಿದೆ. ಒಂದು ಹೋದರೆ ಉಳಿದದ್ದೂ ನಿಲ್ಲಲ್ಲ.

ಬಾಡಿಗೆದಾರ:
ಸುಮಾ ಅವರ ಮಾತು ಒಪ್ಪುತ್ತೇನೆ, ಆದರೆ ಕನ್ಸರ್ವೇಟಿವ್ ಪಕ್ಷ ನನ್ನ ವಯಸ್ಸಿನವರಿಗೆ ಏನು ಮಾಡಿತು? ಸಂಬಳದ ದೊಡ್ಡ ಪಾಲು ಲಂಡನ್ನಿನ ಒಂದು ರೂಮಿಗೆ ಹೋಗುತ್ತೆ. 2012ರಲ್ಲಿ ಇಂಗ್ಲೆಂಡಿನ ಕಾಲೇಜು ಫೀಸನ್ನು 9,000 ಪೌಂಡ್‌ವರೆಗೆ ಏರಲು ಬಿಟ್ಟವರೂ ಇವರೇ. ವರ್ಷಕ್ಕೆ 3 ಲಕ್ಷ ಮನೆ ಕಟ್ಟಿಸ್ತೀವಿ ಅಂದರು. 2022ರ ಕೊನೆಗೆ ತಮ್ಮದೇ ಎಂಪಿಗಳು ತಿರುಗಿಬಿದ್ದಾಗ ಅದು ಕಡ್ಡಾಯವಲ್ಲ ಅಂತ ಕೈತೊಳೆದುಕೊಂಡರು. ನಮ್ಮೂರ ಪಕ್ಕ ಮನೆ ಬೇಡ, ಹಸಿರು ಹೊಲ ಹಾಗೇ ಇರಲಿ ಅಂತ ಅಡ್ಡ ನಿಂತವರು ಸ್ವಂತ ಮನೆ ಇದ್ದವರೇ ಅಲ್ವಾ? ಮದುವೆ, ಮಕ್ಕಳು, ಕುಟುಂಬ ಅಂತ ಉಪದೇಶ ಮಾಡುವವರು ಮೊದಲು ಒಂದು ಸೂರು ಸಿಗೋ ಹಾಗೆ ಮಾಡಲಿ.

ಹ್ಯಾರೋ ಹಳಬ:
ಇದಕ್ಕೆ ನನ್ನ ಹತ್ತಿರ ಸಮರ್ಥನೆ ಇಲ್ಲ ಗೆಳೆಯರೇ, ನೀವು ಹೇಳೋದು ಸರಿ. 1980ರಲ್ಲಿ ಥ್ಯಾಚರ್ ಕೌನ್ಸಿಲ್ ಮನೆಗಳನ್ನು (ಸ್ಥಳೀಯ ಆಡಳಿತ ಬಾಡಿಗೆಗೆ ಕೊಟ್ಟ ಮನೆಗಳು) ಅಲ್ಲಿದ್ದ ಬಾಡಿಗೆದಾರರಿಗೇ ಕಡಿಮೆ ಬೆಲೆಗೆ ಕೊಳ್ಳುವ ಹಕ್ಕು ಕೊಟ್ಟರು. ಆಗ ಎಷ್ಟೋ ಕೂಲಿ ಮನೆತನಗಳು ಕನ್ಸರ್ವೇಟಿವ್ ಆದವು. ಮಾರಿದಷ್ಟು ಮತ್ತೆ ಕಟ್ಟಲಿಲ್ಲ, ಅದೇ ತಪ್ಪು. ಸ್ವಂತದ್ದು ಅಂತ ಏನೂ ಇಲ್ಲದವರು ಈ ಪಕ್ಷಕ್ಕೆ ಯಾಕೆ ವೋಟು ಹಾಕ್ತಾರೆ?

ಸಂಸ್ಕೃತಿಯ ಮಾತು ಯಾರೂ ಎತ್ತಲಿಲ್ಲ, ಅದಕ್ಕೆ ಹೇಳ್ತೀನಿ. 2020ರಲ್ಲಿ ಬ್ರಿಸ್ಟಲ್‌ನಲ್ಲಿ ಕೋಲ್‌ಸ್ಟನ್ ಪ್ರತಿಮೆಗೆ ಹಗ್ಗ ಹಾಕಿ ಎಳೆದು ಬಂದರಿನ ನೀರಿಗೆ ಉರುಳಿಸಿದರು. ಆತ ಗುಲಾಮರ ವ್ಯಾಪಾರ ಮಾಡಿದವನು, ಅವನ ಪರ ನಾನು ಒಂದು ಮಾತೂ ಆಡಲ್ಲ. ಆದರೆ ತೆಗೆಯಬೇಕಾದರೆ ಕೌನ್ಸಿಲ್ ತೀರ್ಮಾನ ಮಾಡಿ ತೆಗೆಯಲಿ, ಗುಂಪು ಸೇರಿ ಉರುಳಿಸೋದು ಬೇಡ. ಹಾಗೇ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, 2010ರ ಸಮಾನತೆ ಕಾಯಿದೆಯಲ್ಲಿ ಹೆಣ್ಣು ಅಂದರೆ ಹುಟ್ಟಿನ ಲಿಂಗ ಅಂತ ಐದೂ ನ್ಯಾಯಾಧೀಶರು ಒಮ್ಮತದಿಂದ ಹೇಳಿತು. ಅಷ್ಟು ದಿನ ಇದನ್ನೇ ಹೇಳಿದ ಹೆಂಗಸರು ಎಷ್ಟು ಬೈಸಿಕೊಂಡರು! 2024ರ ಕೊನೆಗೆ ಪಕ್ಷದ ನಾಯಕಿಯಾದ ಬೇಡನಾಕ್ ಮೇಲೆ ನನಗೆ ಗೌರವ ಬಂದದ್ದು ಇಲ್ಲೇ. ಮಂತ್ರಿಯಾಗಿದ್ದಾಗಲೂ ಈ ವಿಷಯದಲ್ಲಿ ಅವರು ಹಿಂದೆ ಸರಿಯಲಿಲ್ಲ.

ಲೆಸ್ಟರ್ ನಿವಾಸಿ:
ತುಂಬಾ ಥ್ಯಾಂಕ್ಸ್. ಇಷ್ಟು ವಿವರವಾಗಿ ನನಗೆ ಯಾರೂ ಹೇಳಿರಲಿಲ್ಲ. ಇನ್ನೊಂದು ಪ್ರಶ್ನೆ, ನನ್ನ ಹತ್ತಿರ ಇನ್ನೂ ಭಾರತದ ಪಾಸ್‌ಪೋರ್ಟೇ ಇರೋದು. ವೋಟು ಹಾಕಬಹುದಾ?

ಶ್ರಾಪ್‌ಷೈರ್ ಸುಮಾ:
ಧಾರಾಳವಾಗಿ. ಇಲ್ಲಿ ಕಾನೂನುಬದ್ಧವಾಗಿ ಇರುವ ಕಾಮನ್‌ವೆಲ್ತ್ ದೇಶದವರಿಗೆ ಪಾರ್ಲಿಮೆಂಟಿಗೂ ಕೌನ್ಸಿಲಿಗೂ ವೋಟಿದೆ. ಮೊದಲು ಪಟ್ಟಿಗೆ ಹೆಸರು ಸೇರಿಸಿ. ಮತಗಟ್ಟೆಯಲ್ಲಿ ಫೋಟೋ ಇರುವ ಗುರುತಿನ ಚೀಟಿ ಕೇಳ್ತಾರೆ, ಭಾರತದ ಪಾಸ್‌ಪೋರ್ಟ್ ನಡೆಯುತ್ತೆ.