ಸಹಾಯ ಬೇಕು: ಗಾಯಕ್ಕೆ ಹೊಲಿಗೆ ಹಾಕುವುದನ್ನು ಕಲಿಸಲು ಅಗ್ಗದ ಪ್ಯಾಡ್ ಮಾಡುವುದು ಹೇಗೆ?

ಎಂಬಿಬಿಎಸ್ ಮೊದಲ ವರ್ಷದ 30 ಮಂದಿಗೆ ಎರಡು ಗಂಟೆಯ ಹೊಲಿಗೆ ತರಗತಿ ಇದೆ. 3-0 ಗಾತ್ರದ ಸಿಲ್ಕ್ ದಾರ, ರಿವರ್ಸ್ ಕಟಿಂಗ್ ಸೂಜಿ (ಹೊರಬಾಗಿನಲ್ಲಿ ಹರಿತವಿರುವ ಬಾಗಿದ ಸೂಜಿ), ಸೂಜಿ ಹಿಡಿಯುವ ನೀಡಲ್ ಹೋಲ್ಡರ್, ಹಲ್ಲಿರುವ ಫೋರ್ಸೆಪ್ಸ್ (ಚಿಮಟ) ಎಲ್ಲ ಸಿದ್ಧ. ತೊಂದರೆ ಪ್ಯಾಡಿನದು, ಅಂದರೆ ಚರ್ಮದ ಬದಲಿಗೆ ಹೊಲಿದು ಕಲಿಯುವ ವಸ್ತುವಿನದು. ಬಾಳೆಹಣ್ಣಿನ ಸಿಪ್ಪೆ ಗಂಟು ಬಿಗಿದ ಕೂಡಲೇ ಸೀಳುತ್ತದೆ (ಬಿಗಿ ಹೆಚ್ಚಾಯಿತು ಎಂದು ತೋರಿಸಲು ಅದೇ ಒಳ್ಳೆಯದು, ಆ ಮಾತು ಬೇರೆ). ಕೋಳಿ ತೊಡೆ ಚೆನ್ನ, ಆದರೆ ಚರ್ಮ ಜಾರುತ್ತದೆ. ಮಾಂಸ ಮುಟ್ಟದವರೂ ಇದ್ದಾರೆ.

ಸೂಜಿಯನ್ನು ತುದಿಯಿಂದ ಮೂರನೇ ಎರಡರಷ್ಟು ದೂರದಲ್ಲಿ ಹಿಡಿದು, ಗಾಯದ ಅಂಚಿನಿಂದ 5 ಮಿ.ಮೀ. ದೂರದಲ್ಲಿ 90 ಡಿಗ್ರಿಗೆ ಚುಚ್ಚಿ, ಮಣಿಕಟ್ಟು ತಿರುಗಿಸಿ ಹೊರತೆಗೆಯಬೇಕು. ಓರೆಯಾಗಿ ಚುಚ್ಚಿದರೆ ಅಂಚು ಒಳಮಡಚುತ್ತದೆ. ಆ ತಪ್ಪು ಸ್ಪಂಜಿನಲ್ಲಿ ಕಾಣುವುದೇ ಇಲ್ಲ. ಕಾಣುವಂಥ ಪ್ಯಾಡ್ ಬೇಕು.

ಸಿಲಿಕೋನ್ ಸೀಲಂಟ್ (ಸಂದು ಮುಚ್ಚುವ, ಒಣಗಿದರೆ ರಬ್ಬರಿನಂತಾಗುವ ಅಂಟು) ನಡುವೆ ಬಲೆಬಟ್ಟೆ ಇಟ್ಟು ಮಾಡಿದವರಿದ್ದೀರಾ? ಎಷ್ಟು ದಪ್ಪ, ಒಣಗಲು ಎಷ್ಟು ದಿನ, ದಾರ ಪ್ಯಾಡನ್ನು ಕೊಯ್ಯದಂತೆ ಯಾವ ಬಟ್ಟೆ?