ಸಹಾಯ ಬೇಕು: ನಮ್ಮ ಬಾವಿಯ ಗೋಡೆಯ ಈ ಜೀವಿ ಯಾವ ಕುಟುಂಬದ್ದು?

ಎಲ್ಲರಿಗೂ ನಮಸ್ಕಾರ. ಕಾರ್ಕಳದ ಹತ್ತಿರ ನಮ್ಮ ಅಡಿಕೆ ತೋಟದ ಬಾವಿಯ ಕೆಂಪುಕಲ್ಲಿನ ಗೋಡೆಯಲ್ಲಿ ಮಳೆ ಹಿಡಿದಾಗಿನಿಂದ ಒಂದು ಜೀವಿಯನ್ನು ನೋಡುತ್ತಿದ್ದೇನೆ. ಮನೆಯವರೆಲ್ಲ ಜೇಡ ಎನ್ನುತ್ತಾರೆ. ಆದರೆ ಜೇಡಕ್ಕಿರುವ ಸಪೂರ ನಡು ಇದಕ್ಕಿಲ್ಲ. ಮೈಯೆಲ್ಲ ಬೆಸೆದುಕೊಂಡು ಒಂದೇ ಕಾಳಿನಂತಿದೆ. ಬಲೆ ನೇಯುವುದಿಲ್ಲ. ಬೆನ್ನ ಮೇಲಿನ ಸಣ್ಣ ದಿಬ್ಬದಲ್ಲಿ ಎರಡೇ ಕಣ್ಣು. ಎರಡನೆಯ ಜೋಡಿ ಕಾಲು ಎಲ್ಲಕ್ಕಿಂತ ಉದ್ದ, ಅದರಿಂದಲೇ ಕಲ್ಲನ್ನು ತಡವುತ್ತಾ ಸಾಗುತ್ತದೆ. ಇದು ಜೇಡದ ದೂರದ ನೆಂಟನಾದ, ಒಪಿಲಿಯೋನಿಸ್ ಗಣದ ಹಾರ್ವೆಸ್ಟ್‌ಮನ್ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಬಾಯಿಯ ಪಕ್ಕದ ಪೆಡಿಪಾಲ್ಪ್‌ಗಳು (ಪುಟ್ಟ ಕೈಗಳಂತಹ ಅಂಗಗಳು) ದಪ್ಪ, ತುಂಬ ಮುಳ್ಳು. ಆದ್ದರಿಂದ ಲ್ಯಾನಿಯಾಟೋರಿಸ್ ಉಪಗಣ ಇರಬೇಕು. ತೊಡಕಿರುವುದು ಅಲ್ಲಿಂದ ಮುಂದೆ. ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಕಾರ್ಲ್ ಫ್ರೀಡ್ರಿಶ್ ರೋವರ್ 1923ರ ತಮ್ಮ ಗ್ರಂಥದಲ್ಲಿ ಕಾಲ್ತುದಿಯ ಗೆಣ್ಣುಗಳ ಲೆಕ್ಕ, ಬೆನ್ನಿನ ಮುಳ್ಳುಗಳಂತಹ ಗುರುತುಗಳನ್ನು ನೆಚ್ಚಿ ಹಾರ್ವೆಸ್ಟ್‌ಮನ್‌ಗಳ ಕುಲಗಳನ್ನು (ಜೀನಸ್) ವಿಂಗಡಿಸಿದ್ದರು. ಅವುಗಳಲ್ಲಿ ಎಷ್ಟೋ ಕುಲಗಳು ಆಮೇಲೆ ನಿಲ್ಲಲಿಲ್ಲ. ಈಗ ಗಂಡಿನ ಜನನಾಂಗದ ರಚನೆಯನ್ನು ನೋಡದೆ ಪ್ರಭೇದ ಹೇಳುವುದು ಕಷ್ಟ. ನನ್ನ ಬಳಿ ಇರುವುದು ಭೂತಗನ್ನಡಿ ಮಾತ್ರ.

ಮಣಿಪಾಲ, ಮಂಗಳೂರು ಕಡೆ ಸೂಕ್ಷ್ಮದರ್ಶಕ ಬಳಸುವ ಪ್ರಾಣಿಶಾಸ್ತ್ರದವರು ಯಾರಾದರೂ ಒಂದು ಗಂಟೆ ಬಿಡುವು ಕೊಡುವಿರಾ? ಸತ್ತು ಬಿದ್ದಿದ್ದ ಎರಡನ್ನು ಆಲ್ಕೋಹಾಲ್‌ನಲ್ಲಿ ಇಟ್ಟಿದ್ದೇನೆ, ನಾನೇ ತಂದು ಕೊಡುತ್ತೇನೆ. ಮುಂದಿನ ತಿಂಗಳು ಬಾವಿಯ ಗೋಡೆಗೆ ಸಿಮೆಂಟ್ ಬಳಿಯಲು ಮೇಸ್ತ್ರಿ ಬರುತ್ತಾರೆ. ಅದಕ್ಕೂ ಮೊದಲು ತಿಳಿಯಬೇಕು.